ಕ್ವಿಬೆಕ್ಕಿನ ಮುಚ್ಚಿದ ದಫ್ತರ

ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ 1995ನೆಯ ಇಸವಿ ಅಕ್ಟೋಬರ್ 30ರಂದು ನಡೆದ ಜನಮತಗಣನೆಯ ವೆಚ್ಚವನ್ನು ಕುರಿತು ವಿಚಾರಣೆ ಮಾಡಿದ ಕಮಿಷನ್ನಿನ ಕಾಗದಪತ್ರಗಳನ್ನು ಕಾಯಿದೆಯ ಮೂಲಕವೇ ಸಾರ್ವಜನಿಕರ ಮುಂದಿಡಬೇಕೆಂಬ ವಿಷಯವು ಆ ಪ್ರಾಂತದ ಶಾಸನಸಭೆಯವರೆಗೆ ಬಂದುದು ಅಲ್ಪ ಸಂಗತಿಯಲ್ಲ. ದೂರದೇಶದ ವ್ಯವಹಾರವೆಂದು ವಾಚಕರು ಇದನ್ನು ಬದಿಗೊತ್ತಲಾಗದು. ಜನರ ಮತವನ್ನು ಕೇಳುವ ಕಡೆಯಲ್ಲೆಲ್ಲಾ ಹಣದ ಪ್ರಶ್ನೆಯೂ ಬೆನ್ನಹಿಂದೆಯೇ ಇರುವುದು.

ಪ್ರಾಂತವು ಸ್ವತಂತ್ರವಾಗಬೇಕೆ ಎಂಬ ಪ್ರಶ್ನೆಗೆ ಅಂದು ನೂರಕ್ಕೆ 93ಕ್ಕೂ ಮಿಕ್ಕ ಮತದಾರರು ಉತ್ತರ ಕೊಟ್ಟರು. 'ಬೇಡ' ಎಂದವರು ನೂರಕ್ಕೆ 50.58, 'ಬೇಕು' ಎಂದವರು 49.42. ಅಂತರವು ಕೇವಲ 54,288 ಮತಗಳು. ಅಸಿಂಧುವೆಂದು ತಳ್ಳಲ್ಪಟ್ಟ ಮತಪತ್ರಗಳೇ ಸುಮಾರು 86,000! ಇಷ್ಟು ಕೂದಲೆಳೆಯ ಗೆಲುವಿನಲ್ಲಿ ಉಭಯಪಕ್ಷಗಳಿಗೂ ಪರಸ್ಪರ ಸಂಶಯ ಹುಟ್ಟಿದುದು ಸಹಜವೇ.

ಆ ಪ್ರಾಂತದ 1978ರ ಕಾಯಿದೆಯಂತೆ 'ಬೇಕು', 'ಬೇಡ' ಎಂಬ ಎರಡು ಸಮಿತಿಗಳ ಮೂಲಕವೇ ಪ್ರಚಾರದ ವೆಚ್ಚ ನಡೆಯತಕ್ಕದ್ದು. ಒಂದೊಂದು ಪಕ್ಷಕ್ಕೂ ಸುಮಾರು 50 ಲಕ್ಷ ಡಾಲರುಗಳ ಮಿತಿ. ಹಣವಂತನ ಧ್ವನಿ ಬಡವನ ಧ್ವನಿಯನ್ನು ಮುಳುಗಿಸದಿರಲೆಂಬುದೇ ಇದರ ತಾತ್ಪರ್ಯ. ಆದರೆ ಮತಗಣನೆಗೆ ಕೆಲವೇ ವಾರಗಳ ಮುಂಚೆ 'ಆಪ್ಷನ್ ಕೆನಡಾ' ಎಂಬ ಸಂಸ್ಥೆಯೊಂದು ಹುಟ್ಟಿತು. ಕೇಂದ್ರ ಸರ್ಕಾರದ ಬೊಕ್ಕಸದಿಂದ ಅದಕ್ಕೆ ಸುಮಾರು 50 ಲಕ್ಷ ಡಾಲರುಗಳು ಹರಿದುವು. 2006ರಲ್ಲಿ ಇಬ್ಬರು ಲೇಖಕರು ಪುಸ್ತಕವೊಂದರಲ್ಲಿ ಇದನ್ನು ಬಯಲಿಗೆಳೆದ ಮೇಲೆ, ಪ್ರಾಂತದ ಮುಖ್ಯ ಚುನಾವಣಾಧಿಕಾರಿಯು ನಿವೃತ್ತ ನ್ಯಾಯಾಧೀಶ ಬರ್ನಾರ್ಡ್ ಗ್ರೆನಿಯೆ ಅವರನ್ನು ವಿಚಾರಣೆಗೆ ನೇಮಿಸಿದನು.

2007ರ ಮೇ ತಿಂಗಳಿನಲ್ಲಿ ಹೊರಬಿದ್ದ ವರದಿಯು 'ಬೇಡ' ಪಕ್ಷದ ಪರವಾಗಿ ಸುಮಾರು 5,39,000 ಡಾಲರುಗಳು ಕಾಯಿದೆಗೆ ವಿರುದ್ಧವಾಗಿ ವೆಚ್ಚವಾದುವೆಂದು ಸಾರಿತು. ಇದು ವಿಧಿಸಿದ್ದ ಮಿತಿಯ ಹತ್ತನೆಯ ಒಂದು ಪಾಲಿಗಿಂತಲೂ ತುಸು ಹೆಚ್ಚು. ವರದಿಯೇನೋ ಜನರ ಕೈಸೇರಿತು. ಅದಕ್ಕೆ ಆಧಾರವಾದ ಸಾಕ್ಷ್ಯವೂ ಲೆಕ್ಕಪತ್ರಗಳೂ ಪ್ರಕಟವಾಗಕೂಡದೆಂಬ ಆಜ್ಞೆಯಿಂದ ಕೋಣೆ ಸೇರಿದುವು. ತೀರ್ಪನ್ನು ಕೇಳಿರಿ, ಕಾರಣವನ್ನು ಕೇಳಬೇಡಿರಿ ಎಂದರೆ ಯಾವ ಸ್ವಾಭಿಮಾನಿ ಪ್ರಜೆಯು ಒಪ್ಪುವನು?

ಗೌಪ್ಯದ ಪರವಾದ ವಾದವನ್ನೂ ನಾವು ಹಗುರವಾಗಿ ಕಾಣೆವು. ಗುಟ್ಟಾಗಿರುವುದೆಂದು ನಂಬಿ ನುಡಿದ ಸಾಕ್ಷಿಗಳಿರಬಹುದು. ತಪ್ಪೆಸಗದವರ ಹೆಸರೂ ಆ ಕಡತಗಳಲ್ಲಿರಬಹುದು. ಇಂದು ಕೊಟ್ಟ ಭರವಸೆಯನ್ನು ನಾಳೆ ಮುರಿದರೆ ಮುಂದಿನ ವಿಚಾರಣೆಯಲ್ಲಿ ಬಾಯಿ ಬಿಡುವವರಾರು? ಈ ಪ್ರಶ್ನೆಗೆ ಉತ್ತರವುಂಟು. ಖಾಸಗಿಯವರ ಹೆಸರು, ವಿಳಾಸಗಳನ್ನು ಮರೆಮಾಡಬಹುದು. ಆದರೆ ಯಾವ ಇಲಾಖೆಯಿಂದ ಎಷ್ಟು ಹಣ ಹೊರಟಿತು, ಯಾರ ಅಪ್ಪಣೆಯಿಂದ ಹೊರಟಿತು, ಯಾವ ಕಾರ್ಯಕ್ಕೆ ಸಂದಿತು ಎಂಬುದು ಖಾಸಗಿ ಸಂಗತಿಯಲ್ಲ. ಅದು ತೆರಿಗೆ ಕೊಟ್ಟವನ ಹಣ. ಲೆಕ್ಕ ಕೇಳುವ ಹಕ್ಕೂ ಅವನದೇ. ಕಾಲ ಕಳೆದಂತೆ ಗೌಪ್ಯದ ಅಗತ್ಯವು ಕುಗ್ಗುವುದು, ಚರಿತ್ರೆಯ ಹಕ್ಕು ಬೆಳೆಯುವುದು.

ಪ್ರತ್ಯೇಕತಾವಾದಿಗಳು ಇದರಿಂದ ಲಾಭ ಪಡೆಯುವರೆಂದು ಹೆದರುವವರಿಗೆ ಒಂದು ಮಾತು. ಅಕ್ರಮ ವೆಚ್ಚದಿಂದಲೇ ಫಲಿತಾಂಶ ಬದಲಾಯಿತೆಂದು ಆ ವರದಿಯಿಂದ ಸಿದ್ಧವಾಗದು. ಆದರೆ ಬೀಗ ಹಾಕಿದ ಕೋಣೆಯೊಳಗೆ ಇರುವುದಕ್ಕಿಂತ ಹತ್ತು ಪಾಲು ಹೆಚ್ಚನ್ನು ಜನರ ಕಲ್ಪನೆಯು ಕಾಣುವುದು. ಐಕ್ಯವು ನ್ಯಾಯವಾಗಿ ಗೆದ್ದಿದ್ದರೆ ಬೆಳಕಿನಿಂದ ಅದಕ್ಕೆ ಬಾಧಕವೇನು?

ನ್ಯಾಯಾಧೀಶರ ಆಜ್ಞೆಯನ್ನು ಅಧಿಕಾರಿಯೊಬ್ಬನು ತನ್ನಿಷ್ಟದಂತೆ ಮೀರುವುದಕ್ಕಿಂತ, ಜನಪ್ರತಿನಿಧಿಗಳು ಬಹಿರಂಗವಾಗಿ ಚರ್ಚಿಸಿ ಕಾಯಿದೆ ಮಾಡುವುದೇ ಸರಿಯಾದ ಮಾರ್ಗ. ಯಾವುದನ್ನು ಮರೆಮಾಡಬೇಕೆಂಬುದನ್ನು ಯಾವ ಪಕ್ಷದ ಮಂತ್ರಿಗೂ ಬಿಡದೆ ನಿಷ್ಪಕ್ಷಪಾತಿಗಳಿಗೆ ಒಪ್ಪಿಸಿದರೆ ಆ ಕಾಯಿದೆಯು ಸಾರ್ಥಕವಾಗುವುದು. ಮತಪತ್ರವು ಗುಪ್ತವಾಗಿರಬೇಕು, ಮತವನ್ನು ಬೇಡಲು ಸುರಿದ ಹಣವು ಬಯಲಾಗಬೇಕು. ಪ್ರಜಾಪ್ರಭುತ್ವದ ಮರ್ಯಾದೆಯು ಈ ಎರಡನ್ನೂ ಕಾಪಾಡುವುದರಲ್ಲಿದೆ.