ಬ್ಲೇಡಿಗೊಂದು ಕಾನೂನು, ಕಾರ್ಡಿಗೊಂದು ಕಾನೂನು

ಕೇರಳದಲ್ಲಿ ವಿಪರೀತ ಬಡ್ಡಿಗೆ ಸಾಲ ಕೊಡುವವರನ್ನು ಜನ ‘ಬ್ಲೇಡ್’ ಎಂದು ಕರೆಯುತ್ತಾರೆ. ಕೊಚ್ಚಿಯಲ್ಲಿ ನಾಲ್ಕು ವರ್ಷ ಕಳೆದ ಯಾವ ಕನ್ನಡಿಗನಿಗೂ ಈ ಪದದ ಅರ್ಥ ಹೇಳಿಕೊಡಬೇಕಾಗಿಲ್ಲ. ಸಾಲಗಾರರ ಕಾಟ ತಾಳಲಾರದೆ ಜನ ಸಾವಿಗೆ ಶರಣಾಗುವ ಸುದ್ದಿಗಳು ಬಂದಾಗ, 2014ರ ಮೇ ತಿಂಗಳಲ್ಲಿ ರಾಜ್ಯದ ಪೊಲೀಸರು ‘ಆಪರೇಷನ್ ಕುಬೇರ’ ಎಂಬ ಕಾರ್ಯಾಚರಣೆ ಕೈಗೊಂಡರು. ಅಂದಿನ ಗೃಹ ಸಚಿವ ರಮೇಶ್ ಚೆನ್ನಿತ್ತಲ ಅವರ ಕಾಲದ ಈ ಕ್ರಮದಲ್ಲಿ ರಾಜ್ಯದುದ್ದಗಲಕ್ಕೂ ದಾಳಿಗಳು ನಡೆದವು. ವಿಪರೀತ ಬಡ್ಡಿ ವಸೂಲಿಯನ್ನು ನಿಷೇಧಿಸುವ ಕಾಯಿದೆ ಕೇರಳದಲ್ಲಿ 2012ರದ್ದು, ಕರ್ನಾಟಕದಲ್ಲಿ 2004ರದ್ದು. ಕರ್ನಾಟಕವು 2025ರಲ್ಲಿ ಕಿರು ಸಾಲದ ವಸೂಲಿಯ ದೌರ್ಜನ್ಯ ತಡೆಯಲು ಇನ್ನೊಂದು ಕಠಿಣ ಕಾನೂನನ್ನೂ ತಂದಿದೆ.

ಇಷ್ಟೆಲ್ಲ ಒಳ್ಳೆಯದೇ. ಆದರೆ ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಮಾತ್ರ ಈ ದೇಶದಲ್ಲಿ ಇಷ್ಟೇ ಎಂಬ ಗೆರೆಯಿಲ್ಲ. ಬೀದಿಯಲ್ಲಿ ಕೂತವನು ವಿಪರೀತ ಬಡ್ಡಿ ಕೇಳಿದರೆ ಅದು ಅಪರಾಧ. ಅದೇ ದರವನ್ನು ಹವಾನಿಯಂತ್ರಿತ ಕಚೇರಿಯವರು ಸಣ್ಣ ಅಕ್ಷರಗಳಲ್ಲಿ ಅಚ್ಚು ಮಾಡಿ ಸಹಿ ಹಾಕಿಸಿಕೊಂಡರೆ ಅದು ಕರಾರು. ಈ ಇಬ್ಬಗೆಯ ನೀತಿ ಎಷ್ಟು ಸರಿ ಎಂದು ಕೇಳುವ ಕಾಲ ಬಂದಿದೆ.

ಕಲೂರಿನ ಸುತ್ತಮುತ್ತ ನೆಲೆಸಿರುವ ಕನ್ನಡಿಗರಲ್ಲಿ ಹೋಟೆಲ್ ನಡೆಸುವವರಿದ್ದಾರೆ, ಬ್ಯಾಂಕು ಮತ್ತು ಕಂಪೆನಿ ನೌಕರರಿದ್ದಾರೆ, ದಿನಾ ಕಾಕನಾಡಿನ ಇನ್ಫೋಪಾರ್ಕ್‌ಗೆ ಹೋಗಿಬರುವ ಯುವಕ ಯುವತಿಯರಿದ್ದಾರೆ. ಪರವೂರಿನಲ್ಲಿ ಮನೆ ಹಿಡಿಯಲು ಮುಂಗಡ, ಊರಿಗೆ ಹೋಗಲು ರೈಲು ಬಸ್ಸಿನ ಟಿಕೆಟು, ತಂಗಿಯ ಮದುವೆ, ಆಸ್ಪತ್ರೆಯ ಬಿಲ್ಲು – ಸಾಲ ಕೇಳಲು ಹತ್ತಿರದಲ್ಲಿ ಬಂಧುಗಳಿಲ್ಲದ ಹೊರನಾಡಿನವರಿಗೆ ಕಾರ್ಡೇ ಬಂಧುವಾಗಿ ಬಿಡುತ್ತದೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು’ ಎಂದು ಬುದ್ಧಿ ಹೇಳುವುದು ಸುಲಭ. ಆದರೆ ಕಷ್ಟಕ್ಕೆಂದು ಕಾರ್ಡು ಉಜ್ಜಿದವರೆಲ್ಲ ದುಂದುಗಾರರಲ್ಲ.

ತೊಂದರೆ ಆರಂಭವಾಗುವುದು ಬಿಲ್ಲಿನಲ್ಲಿರುವ ‘ಕನಿಷ್ಠ ಪಾವತಿ’ ಎಂಬ ಎರಡು ಪದಗಳಿಂದ. ಅಷ್ಟು ಕಟ್ಟಿದರೆ ಸಾಕು, ಈ ತಿಂಗಳು ಪಾರಾದೆವು ಎಂದು ಅನೇಕರು ನಂಬುತ್ತಾರೆ. ಲೆಕ್ಕ ಹಾಕಿ ನೋಡೋಣ. ಒಬ್ಬರ ಕಾರ್ಡಿನಲ್ಲಿ ರೂ. 50,000 ಬಾಕಿ ಇದೆ, ಬಡ್ಡಿ ತಿಂಗಳಿಗೆ ಶೇ. 3.5 ಎಂದಿಟ್ಟುಕೊಳ್ಳಿ. ಮೊದಲ ತಿಂಗಳ ಬಡ್ಡಿ ರೂ. 1,750. ಅದರ ಮೇಲೆ ಶೇ. 18 ಜಿಎಸ್‌ಟಿ, ಅಂದರೆ ರೂ. 315. ಅವರು ಕಟ್ಟಿದ್ದು ರೂ. 2,500 ಆದರೆ ಅದರಲ್ಲಿ ರೂ. 2,065 ಬಡ್ಡಿಗೂ ತೆರಿಗೆಗೂ ಹೋಯಿತು. ಅಸಲಿಗೆ ಸಂದದ್ದು ಬರೇ ರೂ. 435. ಮುಂದೆ ಒಂದು ಕಾಸಿನ ವಸ್ತುವನ್ನೂ ಕೊಳ್ಳದೆ, ತಪ್ಪದೆ ತಿಂಗಳಿಗೆ ರೂ. 2,500ರಂತೆ ಕಟ್ಟುತ್ತಾ ಹೋದರೂ ಸಾಲ ತೀರಲು 43 ತಿಂಗಳು ದಾಟುತ್ತದೆ. ಒಟ್ಟು ಕಟ್ಟಿದ್ದು ಸುಮಾರು ರೂ. 1,08,000. ಅದೇ ಮೊತ್ತ ವರ್ಷಕ್ಕೆ ಶೇ. 12ರ ಸಾಲವಾಗಿ ಸಿಕ್ಕಿದ್ದರೆ ಅಷ್ಟೇ ಕಂತಿನಲ್ಲಿ 23 ತಿಂಗಳೊಳಗೆ, ಸುಮಾರು ರೂ. 56,000ದಲ್ಲಿ ತೀರುತ್ತಿತ್ತು.

ತಿಂಗಳಿಗೆ ಮೂರೂವರೆ ಎಂದಾಗ ಕಿವಿಗೆ ಹಗುರ. ಸುಮ್ಮನೆ ಹನ್ನೆರಡರಿಂದ ಗುಣಿಸಿದರೆ ಅದು ವರ್ಷಕ್ಕೆ ಶೇ. 42, ಕಟ್ಟದೆ ಬಿಟ್ಟು ಚಕ್ರಬಡ್ಡಿಯಾದರೆ ಶೇ. 51ನ್ನು ಮೀರುತ್ತದೆ. ಇದರ ಜೊತೆಗೆ, ಹಳೆಯ ಬಾಕಿ ಉಳಿದಿರುವಾಗ ಹೊಸದಾಗಿ ಕೊಂಡದ್ದಕ್ಕೂ ಬಡ್ಡಿರಹಿತ ದಿನಗಳ ಸೌಲಭ್ಯ ತಪ್ಪಿ ಹೋಗುತ್ತದೆ. ಕಾರ್ಡಿನಿಂದ ನಗದು ತೆಗೆದರಂತೂ ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ, ಶುಲ್ಕ ಬೇರೆ. ಕಾರ್ಡು ಮಾರುವಾಗ ಇದನ್ನೆಲ್ಲ ಬಿಡಿಸಿ ಹೇಳುವವರು ಅಪರೂಪ.

ದರಕ್ಕೆ ಕಡಿವಾಣ ಹಾಕುವ ಪ್ರಯತ್ನ ನಡೆದೇ ಇಲ್ಲವೆಂದಲ್ಲ. ‘ಆವಾಜ್’ ಎಂಬ ಸಂಸ್ಥೆ ಮತ್ತಿತರರ ದೂರಿನ ಮೇಲೆ ರಾಷ್ಟ್ರೀಯ ಗ್ರಾಹಕ ಆಯೋಗವು 2008ರ ಜುಲೈ 7ರಂದು ಮಹತ್ವದ ತೀರ್ಪು ನೀಡಿತು. ಸಕಾಲದಲ್ಲಿ ಪೂರ್ತಿ ಹಣ ಕಟ್ಟದ ಕಾರ್ಡುದಾರರಿಂದ ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ವಸೂಲು ಮಾಡುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಅದು ಸಾರಿತು. ಬ್ಯಾಂಕುಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವು. ತೀರ್ಪಿಗೆ ತಡೆಯಾಜ್ಞೆ ಸಿಕ್ಕಿತು. ಹದಿನಾರು ವರ್ಷಗಳ ಬಳಿಕ, 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಆಯೋಗದ ತೀರ್ಪನ್ನು ರದ್ದುಪಡಿಸಿತು. ಬಡ್ಡಿದರ ರಿಸರ್ವ್ ಬ್ಯಾಂಕಿನ ವ್ಯಾಪ್ತಿಯ ವಿಷಯ, ಇಬ್ಬರ ನಡುವಿನ ಕರಾರನ್ನು ಆಯೋಗವು ತಿದ್ದಿ ಬರೆಯಲಾಗದು ಎಂಬುದು ಅದರ ತಿರುಳು. ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಗೆ 1984ರಲ್ಲಿ ಸೇರಿದ 21ಎ ವಿಧಿಯೂ ಹಾಗೆಯೇ ಹೇಳುತ್ತದೆ: ಬಡ್ಡಿ ವಿಪರೀತವಾಯಿತೆಂಬ ಕಾರಣಕ್ಕೆ ಬ್ಯಾಂಕಿನ ಸಾಲದ ಲೆಕ್ಕವನ್ನು ನ್ಯಾಯಾಲಯ ಮತ್ತೆ ತೆರೆಯುವಂತಿಲ್ಲ.

ಆದ್ದರಿಂದ ಈಗ ಚೆಂಡು ರಿಸರ್ವ್ ಬ್ಯಾಂಕಿನ ಅಂಗಳದಲ್ಲಿದೆ. ಅದು 2022ರಲ್ಲಿ ಹೊರಡಿಸಿದ ನಿರ್ದೇಶನದಲ್ಲಿ, ಭದ್ರತೆಯಿಲ್ಲದ ಇತರ ಸಾಲಗಳಿಗೆ ಅನುಗುಣವಾಗಿ ಕಾರ್ಡಿನ ಬಡ್ಡಿಗೂ ಒಂದು ಗರಿಷ್ಠ ಮಿತಿ ಇರಬೇಕೆಂದು ಹೇಳಿತು. ಆದರೆ ಆ ಮಿತಿಯನ್ನು ಹಾಕಿಕೊಳ್ಳುವ ಕೆಲಸವನ್ನು ಆಯಾ ಬ್ಯಾಂಕಿನ ಆಡಳಿತ ಮಂಡಳಿಗೇ ವಹಿಸಿತು. ಬೇಲಿ ಹಾಕುವ ಗುತ್ತಿಗೆಯನ್ನು ಮೇಯುವವರಿಗೇ ಕೊಟ್ಟಂತಾಯಿತು.

ಬ್ಯಾಂಕುಗಳ ವಾದವನ್ನೂ ಕೇಳಬೇಕು. ಇದು ಅಡವಿಲ್ಲದ, ಜಾಮೀನುದಾರರಿಲ್ಲದ ಸಾಲ. ಮುಳುಗುವ ಭಯ ಹೆಚ್ಚು. ಗಡುವಿನೊಳಗೆ ಪೂರ್ತಿ ಕಟ್ಟುವವನಿಂದ ಬಡ್ಡಿಯೇ ಬರುವುದಿಲ್ಲ. ಇದು ಸುಳ್ಳಲ್ಲ. ಆದರೆ ಪೂರ್ತಿ ಕಟ್ಟಬಲ್ಲ ಅನುಕೂಲಸ್ಥನ ಪುಕ್ಕಟೆ ದಿನಗಳ ಖರ್ಚನ್ನು ಕಟ್ಟಲಾಗದವನ ತಲೆಗೆ ಹೊರಿಸುವುದು ನ್ಯಾಯವೇ? ಮುಳುಗುವ ಭಯವಿದ್ದರೆ ಕಾರ್ಡು ಕೊಡುವ ಮೊದಲೇ ಆದಾಯ ನೋಡಿ ಕೊಡಬೇಕು. ಮಿತಿ ಹಾಕುವುದು ಅಸಾಧ್ಯವೂ ಅಲ್ಲ. ಮೈಕ್ರೋಫೈನಾನ್ಸ್ ಕಂಪೆನಿಗಳಿಗೆ ಇದೇ ರಿಸರ್ವ್ ಬ್ಯಾಂಕು 2011ರಲ್ಲಿ ಶೇ. 26ರ ಮಿತಿ ಹಾಕಿತ್ತು. ಫಿಲಿಪ್ಪೀನ್ಸ್ ದೇಶದ ಕೇಂದ್ರ ಬ್ಯಾಂಕು 2020ರಲ್ಲಿ ಕಾರ್ಡಿನ ಬಡ್ಡಿಯನ್ನು ವರ್ಷಕ್ಕೆ ಶೇ. 24ಕ್ಕೆ ಕಟ್ಟಿಹಾಕಿತು, 2023ರಲ್ಲಿ ಅದನ್ನು ಶೇ. 36ಕ್ಕೆ ಏರಿಸಿದರೂ ಮಿತಿಯನ್ನು ಕೈಬಿಡಲಿಲ್ಲ.

ಕನ್ನಡಿಗರು ಈ ಮಾತನ್ನು ಗಟ್ಟಿಯಾಗಿ ಹೇಳಲು ಕಾರಣವಿದೆ. ದೇಶಕ್ಕೆ ಬ್ಯಾಂಕುಗಳನ್ನು ಕೊಟ್ಟ ನೆಲ ಕರಾವಳಿ ಕರ್ನಾಟಕ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕಟ್ಟಿದ ನಿಧಿ ಕೆನರಾ ಬ್ಯಾಂಕಾಗಿ ಬೆಳೆಯಿತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಅದರ ಏಜೆಂಟರು ಮನೆಮನೆಗೆ ಬಂದು ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸಿ ಬಡವರಿಗೆ ಉಳಿತಾಯ ಕಲಿಸಿದರು. ಅಂದು ಬ್ಯಾಂಕಿನವರು ಬಾಗಿಲು ತಟ್ಟುತ್ತಿದ್ದುದು ಉಳಿಸಿರಿ ಎನ್ನಲು. ಇಂದು ಫೋನು ಬರುವುದು ‘ಮಿತಿ ಏರಿಸಿದ್ದೇವೆ, ಖರ್ಚು ಮಾಡಿರಿ’ ಎನ್ನಲು.

ದರ ಇಳಿಯುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಇರುವ ನಿಯಮಗಳೇ ಎಷ್ಟೋ ಜನರಿಗೆ ತಿಳಿದಿಲ್ಲ. ಕೇಳದೆ ಕಾರ್ಡು ಕಳುಹಿಸುವಂತಿಲ್ಲ. ಕಾರ್ಡು ಮುಚ್ಚಲು ಕೋರಿಕೆ ಕೊಟ್ಟರೆ, ಬಾಕಿ ಇಲ್ಲದಿದ್ದಲ್ಲಿ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಪ್ಪಿದರೆ ದಿನಕ್ಕೆ ರೂ. 500ರಂತೆ ಗ್ರಾಹಕನಿಗೆ ದಂಡ ಕೊಡಬೇಕು. ಕಟ್ಟದೆ ಉಳಿದ ಶುಲ್ಕ, ತೆರಿಗೆಗಳನ್ನು ಅಸಲಿಗೆ ಸೇರಿಸಿ ಬಡ್ಡಿ ಹಾಕುವಂತಿಲ್ಲ. ವಸೂಲಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಬಳಿಕ ಫೋನು ಮಾಡುವಂತಿಲ್ಲ. ಬೈಗುಳ ಬೆದರಿಕೆ ಸಲ್ಲದು. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನಗಳಲ್ಲಿ ಸಮಾಧಾನಕರ ಉತ್ತರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಖರ್ಚಿಲ್ಲದೆ ದೂರಬಹುದು.

ಇಲ್ಲಿಯೇ ಕನ್ನಡ ಸಂಘಗಳ ಪಾತ್ರವಿದೆ. ರಾಜ್ಯೋತ್ಸವ, ಯುಗಾದಿ, ಯಕ್ಷಗಾನ ನಡೆಯಲಿ, ಅದಿಲ್ಲದೆ ಸಂಘವಿಲ್ಲ. ಜೊತೆಗೆ ತಿಂಗಳಿಗೊಂದು ಭಾನುವಾರ ಎರಡು ಗಂಟೆ ಸಂಘದ ಕೋಣೆಯಲ್ಲಿ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಕೂತು, ಬಿಲ್ಲು ತಂದವರಿಗೆ ಕನ್ನಡದಲ್ಲಿ ಓದಿ ಹೇಳಿದರೆ ಅದೂ ದೊಡ್ಡ ಕನ್ನಡ ಸೇವೆಯೇ. ಯಾವ ಬಾಕಿಯನ್ನು ಮೊದಲು ತೀರಿಸಬೇಕು, ಯಾವುದನ್ನು ಚಿನ್ನದ ಸಾಲಕ್ಕೋ ಕಡಿಮೆ ಬಡ್ಡಿಯ ಸಾಲಕ್ಕೋ ಬದಲಾಯಿಸಬಹುದು, ದೂರನ್ನು ಹೇಗೆ ಬರೆಯಬೇಕು ಎಂದು ತಿಳಿಸಲು ಅಷ್ಟು ಸಾಕು. ಕಾರ್ಡಿನ ಸಾಲದಲ್ಲಿ ಅತಿ ದೊಡ್ಡ ಅಪಾಯ ನಾಚಿಕೆ. ಮನೆಯವರಿಗೆ ಹೇಳದೆ ಒಂದು ಕಾರ್ಡಿನಿಂದ ಇನ್ನೊಂದರ ಬಾಕಿ ಕಟ್ಟುತ್ತಾ ಹೋದವರು ಕೊನೆಗೆ ಬಂದು ಮುಟ್ಟುವುದು ಬ್ಲೇಡಿನವರ ಬಾಗಿಲಿಗೇ.

ರಿಸರ್ವ್ ಬ್ಯಾಂಕಿಗೆ ಸಂಘಗಳು ಎರಡು ಬೇಡಿಕೆ ಸಲ್ಲಿಸಲಿ. ಕಾರ್ಡಿನ ಬಡ್ಡಿಗೆ ಅದು ತಾನೇ ಒಂದು ಗರಿಷ್ಠ ಮಿತಿ ನಿಗದಿಪಡಿಸಲಿ. ಕನಿಷ್ಠ ಪಾವತಿಯ ಪಕ್ಕದಲ್ಲೇ, ಅಷ್ಟನ್ನೇ ಕಟ್ಟುತ್ತಾ ಹೋದರೆ ಸಾಲ ತೀರಲು ಎಷ್ಟು ತಿಂಗಳು, ಒಟ್ಟು ಎಷ್ಟು ರೂಪಾಯಿ ಎಂಬ ಲೆಕ್ಕವನ್ನು ಗ್ರಾಹಕನ ಭಾಷೆಯಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚು ಮಾಡಿಸಲಿ. ಐವತ್ತು ಸಾವಿರಕ್ಕೆ ಒಂದು ಲಕ್ಷ ಎಂಟು ಸಾವಿರ ಎಂದು ಕಣ್ಣಿಗೆ ಕಂಡರೆ, ಎಷ್ಟೋ ಮಂದಿ ಆ ತಿಂಗಳೇ ಇನ್ನೊಂದಿಷ್ಟು ಹೊಂದಿಸಿ ಕಟ್ಟಿಯಾರು.