ಜಾರುವ ಕಂಬ, ಜಾರದ ಮನ



ಮಲ್ಲಗಂಬದೆದುರು ಮೊದಲ ದಿನ ನಿಂತ ಮಗುವನ್ನು ನೋಡಿದ್ದೀರಾ? ತೇಗದ ಕಂಬ ಮೊದಲೇ ನುಣುಪು, ಮೇಲೆ ಹರಳೆಣ್ಣೆ ಬೇರೆ. ಮೈ ತರಚದಿರಲೆಂದು ಸವರುವ ಎಣ್ಣೆಯೇ ಹೊಸಬನಿಗೆ ವೈರಿ. ಮಗು ಎರಡು ಗೇಣು ಏರುತ್ತದೆ, ಸರ್ರನೆ ಜಾರುತ್ತದೆ. ಅಂಗೈ ಕೆಂಪಾಗುತ್ತದೆ, ತೊಡೆ ಉರಿಯುತ್ತದೆ. ಮಣ್ಣು ಕೊಡವಿಕೊಂಡು ಮತ್ತೆ ಅದೇ ಕಂಬವನ್ನು ಅಪ್ಪುತ್ತದೆ. ತೋಳಬಲವೊಂದೇ ಸಾಲದು, ತೊಡೆಯ ಹಿಡಿತವೂ ಉಸಿರಿನ ಹದವೂ ಕೂಡಬೇಕೆಂದು ಗುರು ಎಷ್ಟು ಹೇಳಿದರೂ, ಅದು ಮೈಗೆ ತಿಳಿಯುವುದು ಜಾರಿ ಜಾರಿಯೇ.

ಇದು ಇಂದಿನ ವಿದ್ಯೆಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿಯೇ ಮಲ್ಲರ ಕಂಬದ ಸಾಧನೆಯ ಪ್ರಸ್ತಾಪವಿದೆ. 2022ರಲ್ಲಿ ಹರಿಯಾಣದಲ್ಲಿ ಜರುಗಿದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಬಾಲಕರೂ ಬಾಲಕಿಯರೂ ಈ ಕಂಬವೇರಿದರು.

ನಮಗೆ ಕಳವಳವಿರುವುದು ಮಕ್ಕಳ ಬಗೆಗಲ್ಲ, ಹಿರಿಯರಾದ ನಮ್ಮ ಬಗೆಗೆ. ಬಿದ್ದ ಮಗು ಮೊದಲು ನೋಡುವುದು ನಮ್ಮ ಮುಖವನ್ನು. ಮೂರು ಸಲ ಜಾರಿತೋ ಇಲ್ಲವೋ, "ಸಾಕು ಬಾರೋ ತಮ್ಮಾ, ಇದು ನಿನ್ನ ಕೈಲಿ ಆಗೂದಲ್ಲ" ಎಂದು ಮನೆಗೆ ಕರೆದೊಯ್ಯುವವರು ನಾವೇ! ಹೆಣ್ಣುಮಗುವಾದರಂತೂ ಕಂಬದ ಹತ್ತಿರಕ್ಕೂ ಬಿಡೆವು. ಕೆಳಗೆ ಮೆತ್ತನೆಯ ಹಾಸಿದೆಯೇ, ಕಲಿಸುವವರು ಬಲ್ಲವರೇ ಎಂಬುದನ್ನು ಅವಶ್ಯ ವಿಚಾರಿಸಿರಿ. ಅಷ್ಟಿದ್ದರೆ ಮಗುವನ್ನು ಮತ್ತೊಮ್ಮೆ ಏರಲು ಬಿಡಿರಿ.