ಕರಿದ ಮಾಂಸವೂ ಕಣ್ಣಿನ ಭ್ರಮೆಯೂ

ಶಿಗ್ಗಾಂವಿಯ ನಮ್ಮ ಬಂಧುಗಳ ಮನೆಯಲ್ಲಿ ಒಂದು ಭಾನುವಾರ ಖೀಮಾ ಉಂಡೆಗಳನ್ನು ಕರಿಯುತ್ತಿದ್ದರು. ನುಣ್ಣಗೆ ಕೊಚ್ಚಿದ ಕುರಿಯ ಮಾಂಸಕ್ಕೆ ಪುಠಾಣಿ ಹಿಟ್ಟು, ಉಳ್ಳಾಗಡ್ಡಿ, ಬ್ಯಾಡಗಿ ಮೆಣಸಿನಕಾಯಿಯ ಪುಡಿ ಮೊದಲಾದುವನ್ನು ಬೆರೆಸಿ, ನಿಂಬೆಹಣ್ಣಿಗಿಂತ ದೊಡ್ಡದಾದ ಉಂಡೆಗಳನ್ನು ಕಟ್ಟಿ ಕಾದ ಎಣ್ಣೆಗೆ ಬಿಟ್ಟಿದ್ದರು. ಎರಡು ಮೂರು ನಿಮಿಷಗಳಲ್ಲಿಯೇ ಅವು ಮನೋಹರವಾದ ಕಂದುಗೆಂಪು ಬಣ್ಣವನ್ನು ತಾಳಿದುವು. ಮಕ್ಕಳು ತಟ್ಟೆ ಹಿಡಿದು ಕಾದಿದ್ದರು. ಮನೆಯ ಅಜ್ಜಿ ಮಾತ್ರ ಒಂದು ಉಂಡೆಯನ್ನು ಮುರಿದು, ಅದರ ನಡುವಿಗೆ ಬೆರಳು ತಾಗಿಸಿ, “ತಡೀರಿ, ಒಳಗ ಇನ್ನೂ ಬೆಂದಿಲ್ಲ” ಎಂದರು. ಹೊರಗೆ ಬಾಯಿ ಸುಡುವಷ್ಟು ಬಿಸಿಯಾಗಿದ್ದ ಉಂಡೆಯ ನಡುಭಾಗವು ಕೇವಲ ಉಗುರುಬೆಚ್ಚಗಿತ್ತು.

ಈ ಸಣ್ಣ ಪ್ರಸಂಗದಲ್ಲಿ ಒಂದು ದೊಡ್ಡ ಪಾಠವಿದೆಯೆಂದು ನನ್ನ ಭಾವನೆ. ಕರಿಯುವ ಕೆಲಸದಲ್ಲಿ ನಾವು ಬಣ್ಣವನ್ನು ನ್ಯಾಯಾಧೀಶನ ಸ್ಥಾನದಲ್ಲಿ ಕೂರಿಸಿದ್ದೇವೆ. ಬಣ್ಣವಾದರೋ ಹೊರಪದರದ ಸಾಕ್ಷಿಯೇ ಹೊರತು ಒಡಲಿನ ಸಾಕ್ಷಿಯಲ್ಲ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಜನರಿಗೆ ಕರಿದ ಪದಾರ್ಥಗಳು ಹೊಸವಲ್ಲ. ಸವಣೂರಿನ ಖಾರವಂತೂ ನಾಡಿನಲ್ಲೆಲ್ಲ ಹೆಸರಾದುದು. ಕಡಲೆಹಿಟ್ಟಿನ ಸಣ್ಣ ಎಳೆಯನ್ನು ಎಣ್ಣೆಗೆ ಬಿಟ್ಟರೆ ಬಿಸಿಯು ಕ್ಷಣಮಾತ್ರದಲ್ಲಿ ಅದರ ಮಧ್ಯವನ್ನು ಮುಟ್ಟುತ್ತದೆ. ಅಲ್ಲಿ ಬಣ್ಣವನ್ನು ನಂಬಿದರೆ ಮೋಸವಿಲ್ಲ. ಆದರೆ ಖಾರವನ್ನು ಕರಿದು ಪಳಗಿದ ಕಣ್ಣು ಅದೇ ಅಳತೆಗೋಲನ್ನು ಮಾಂಸದ ಉಂಡೆಗೂ ಹಿಡಿಯುತ್ತದೆ. ತಪ್ಪು ಆಗುವುದು ಇಲ್ಲಿಯೇ.

ಬಾಣಲೆಯಲ್ಲಿ ನಡೆಯುವುದೇನು? ಎಣ್ಣೆಯ ಉಷ್ಣತೆ ಸುಮಾರು 170ರಿಂದ 180 ಡಿಗ್ರಿ ಸೆಂಟಿಗ್ರೇಡ್ ಇರುತ್ತದೆ. ಮಾಂಸದ ಮೇಲ್ಮೈಯಲ್ಲಿರುವ ನೀರು ಆವಿಯಾಗಿ ಗುಳ್ಳೆಗಳಾಗಿ ಹೊರಬೀಳುತ್ತದೆ; ಕರಿಯುವಾಗ ಕೇಳಿಬರುವ ಆ ಸದ್ದು ನೀರಿನದೇ ಹೊರತು ಎಣ್ಣೆಯದಲ್ಲ. ಮೇಲ್ಪದರ ಒಣಗಿ ಸುಮಾರು 140 ಡಿಗ್ರಿಯನ್ನು ದಾಟಿದೊಡನೆ ಮಾಂಸದ ಸಸಾರಜನಕಾಂಶಗಳೂ ಸಕ್ಕರೆಯ ಅಂಶಗಳೂ ಭರದಿಂದ ಕೂಡಿಕೊಂಡು ಕಂದು ಬಣ್ಣವನ್ನೂ ಪರಿಮಳವನ್ನೂ ಹುಟ್ಟಿಸುತ್ತವೆ. ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದವನು ಫ್ರಾನ್ಸಿನ ವಿಜ್ಞಾನಿ ಲೂಯಿ ಕಮೀಯ್ ಮಯಾರ್. ಆದರೆ ಒಳಭಾಗದಲ್ಲಿ ನೀರು ಇರುವವರೆಗೆ ಅಲ್ಲಿಯ ಉಷ್ಣತೆ 100 ಡಿಗ್ರಿಯನ್ನು ಮೀರುವುದಿಲ್ಲ. ಆ ಮಟ್ಟವನ್ನು ಸಮೀಪಿಸಲು ಕೂಡ ಸಾಕಷ್ಟು ಕಾಲ ಬೇಕು. ಎಷ್ಟು ಕಾಲ? ದಪ್ಪ ಎರಡರಷ್ಟಾದರೆ ಕಾಲ ಎರಡರಷ್ಟಲ್ಲ, ಹೆಚ್ಚು ಕಡಿಮೆ ನಾಲ್ಕರಷ್ಟು! ಅಡಿಕೆಯ ಗಾತ್ರದ ಉಂಡೆಗೂ ಅದರ ಎರಡರಷ್ಟು ಅಡ್ಡಳತೆಯ ಉಂಡೆಗೂ ಇರುವ ಅಂತರವನ್ನು ವಾಚಕರು ಊಹಿಸಿಕೊಳ್ಳಬಹುದು.

ಇಡಿಯ ಮಾಂಸದ ತುಂಡಿನಲ್ಲಿ ರೋಗಾಣುಗಳು ಬಹುಮಟ್ಟಿಗೆ ಹೊರಮೈಯ ಮೇಲೆಯೇ ಇರುತ್ತವೆ. ಕಾದ ಎಣ್ಣೆ ತಾಗಿದೊಡನೆ ನಾಶವಾಗುತ್ತವೆ. ಕೊಚ್ಚಿದಾಗ ಹೊರಮೈಯೆಲ್ಲ ಒಳಗೆ ಬೆರೆತುಹೋಗುತ್ತದೆ, ಅದರೊಡನೆ ಸಾಲ್ಮೊನೆಲ್ಲದಂಥ ರೋಗಾಣುಗಳೂ ಒಳಸೇರುತ್ತವೆ. ಆದುದರಿಂದಲೇ ಕೊಚ್ಚಿದ ಮಾಂಸದ ನಡುಭಾಗವು 71 ಡಿಗ್ರಿಯನ್ನಾದರೂ ಮುಟ್ಟಬೇಕೆಂದು ಆಹಾರತಜ್ಞರು ವಿಧಿಸುತ್ತಾರೆ. ಅರೆಬೆಂದ ಬೋಂಡಾ ತಿಂದವನಿಗೆ ಹೊಟ್ಟೆ ಭಾರವಾದೀತು. ಅರೆಬೆಂದ ಖೀಮಾ ತಿಂದ ಮಗುವೋ ಮುದುಕರೋ ಹಾಸಿಗೆ ಹಿಡಿಯಬಹುದು.

ಕಣ್ಣಿಗೆ ಮೋಸ ಮಾಡುವ ಸಂಗತಿಗಳು ನಮ್ಮ ಸೀಮೆಯಲ್ಲಿ ಮತ್ತೆರಡು ಇವೆ. ಮೊದಲನೆಯದು ಬ್ಯಾಡಗಿ ಮೆಣಸಿನಕಾಯಿ. ಹಾನಗಲ್ಲ, ಹಿರೇಕೆರೂರುಗಳ ನೆರೆಯ ಊರಿನ ಹೆಸರು ಹೊತ್ತು, 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆದ ಈ ಕಾಯಿ ಖಾರಕ್ಕಿಂತ ಬಣ್ಣಕ್ಕೆ ಪ್ರಸಿದ್ಧ. ಅದರ ಕೆಂಪು ಕೊಬ್ಬಿನಲ್ಲಿ ಕರಗುವ ಸ್ವಭಾವದ್ದು. ಉಂಡೆಯ ಒಳಗೂ ಹೊರಗೂ ಹರಡಿ, ಹಸಿಮಾಂಸದ ಕೆಂಪನ್ನು ಮರೆಮಾಡುತ್ತದೆ. ಮುರಿದು ನೋಡಿದರೂ ಬೆಂದುದಾವುದು, ಬೇಯದುದಾವುದು ಎಂದು ಬಣ್ಣದಿಂದ ಹೇಳಲಾಗದು. ಅಜ್ಜಿ ಬೆರಳನ್ನು ನಂಬಿದುದು ಅದಕ್ಕಾಗಿಯೇ ಇರಬೇಕು. ಎರಡನೆಯದು ಕೂಡಿಟ್ಟ ಎಣ್ಣೆ. ಹಲವು ಬಾರಿ ಕಾಯಿಸಿದ ಎಣ್ಣೆಯಲ್ಲಿ ಪದಾರ್ಥವು ಬೇಗನೆ ಕಪ್ಪೇರುತ್ತದೆ. ಅಡುಗೆಯವರು ಬೆಂದಿತೆಂದು ತಿಳಿದು ಬೇಗನೆ ಹೊರತೆಗೆಯುತ್ತಾರೆ. ಕರಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಶೇಕಡಾ 25ನ್ನು ಮೀರಿದರೆ ಅದನ್ನು ಬಳಸಕೂಡದೆಂಬ ನಿಯಮ ನಮ್ಮ ದೇಶದಲ್ಲಿ 2018ರ ಜುಲೈಯಿಂದ ಜಾರಿಯಲ್ಲಿದೆ. ಮನೆಯಲ್ಲಿ ಅದನ್ನು ಅಳೆಯುವವರು ಯಾರು? ಕಪ್ಪಾದ, ನೊರೆಯೇಳುವ, ಕಮಟು ವಾಸನೆಯ ಎಣ್ಣೆಯನ್ನು ಉಳಿಸುವುದು ಉಳಿತಾಯವೇ ಅಲ್ಲ.

ಹಾಗಾದರೆ ದಾರಿ ಯಾವುದು? ಹೊರನಾಡಿನ ಒಂದು ತಿಂಡಿಯನ್ನು ಗಮನಿಸೋಣ. ಸ್ಪೇನ್ ದೇಶದ ಕೋರ್ಡೊಬಾ ಸೀಮೆಯಲ್ಲಿ ‘ಫ್ಲಾಮೆನ್ಕಿನ್’ ಎಂಬ ಸಾಂಪ್ರದಾಯಿಕ ಭಕ್ಷ್ಯವಿದೆ. ಹಂದಿಯ ಮಾಂಸದ ಹಾಳೆಯನ್ನು ಬಡಿದು ತೆಳ್ಳಗೆ ಮಾಡಿ, ಉಪ್ಪಿನಲ್ಲಿ ಹದಗೊಳಿಸಿದ ಮಾಂಸವನ್ನು ಅದರಲ್ಲಿ ಸುರುಳಿ ಸುತ್ತಿ, ಮೊಟ್ಟೆಯಲ್ಲೂ ರೊಟ್ಟಿಯ ಪುಡಿಯಲ್ಲೂ ಹೊರಳಿಸಿ ಕರಿಯುತ್ತಾರೆ. ಸುರುಳಿಯನ್ನು ಉದ್ದಕ್ಕೆ ಬೆಳೆಸುತ್ತಾರೆಯೇ ಹೊರತು ದಪ್ಪಕ್ಕಲ್ಲ. ನಮ್ಮ ಪೂರ್ವಿಕರಿಗೂ ಈ ವಿವೇಕವಿತ್ತು. ಹಾನಗಲ್ಲಿನ ಕದಂಬರಿಗೆ ಒಡೆಯನಾಗಿದ್ದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ಪಿತ್ತಜನಕಾಂಗವನ್ನು ಅಡಿಕೆಯಾಕಾರದ ತುಂಡುಗಳಾಗಿ ಕತ್ತರಿಸಿ, ಮೊದಲು ಕೆಂಡದಲ್ಲಿ ಸುಟ್ಟು ಅನಂತರ ಮಸಾಲೆಯೊಡನೆ ಕರಿಯುವ ವಿಧಾನವಿದೆ. ಚಿಕ್ಕ ಗಾತ್ರ, ಎರಡು ಹಂತದ ಪಾಕ: ಬೇಯಿಸುವ ಕೆಲಸ ಒಂದಕ್ಕೆ, ಬಣ್ಣ ಕೊಡುವ ಕೆಲಸ ಇನ್ನೊಂದಕ್ಕೆ.

ಖೀಮಾ ಉಂಡೆಗೂ ಇದೇ ನೀತಿ ಸಲ್ಲುತ್ತದೆ. ಉಂಡೆ ಅಡಿಕೆಗಿಂತ ಬಹಳ ದೊಡ್ಡದಾಗದಿರಲಿ. ದೊಡ್ಡದೇ ಬೇಕೆಂದರೆ ಮೊದಲು ಹಬೆಯಲ್ಲಿ ಪೂರ್ತಿ ಬೇಯಿಸಿ ಆಮೇಲೆ ಕರಿಯಿರಿ. ಒಮ್ಮೆಗೆ ನಾಲ್ಕೈದನ್ನು ಮಾತ್ರ ಬಿಡಿರಿ. ಬಾಣಲೆ ಕಿಕ್ಕಿರಿದರೆ ಎಣ್ಣೆ ತಣಿಯುತ್ತದೆ. ತೆಗೆದೊಡನೆ ಎಣ್ಣೆ ಬಸಿಯಿರಿ, ಏಕೆಂದರೆ ಮೇಲ್ಮೈಗೆ ಅಂಟಿದ ಎಣ್ಣೆಯು ಬಹುಪಾಲು ಒಳಗೆ ಹೀರಲ್ಪಡುವುದು ಪದಾರ್ಥ ಆರುವಾಗಲೇ.

ಕೊನೆಯದಾಗಿ, ಮಾಂಸಕ್ಕೆ ಚುಚ್ಚಿ ನೋಡುವ ಉಷ್ಣತಾಮಾಪಕವೊಂದು ಮನೆಯಲ್ಲಿರಲೆಂದು ಸೂಚಿಸುತ್ತೇನೆ. ಈಗ ಅದು ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತದೆ. “ಅನುಭವಸ್ಥರಿಗೆ ಇದೇಕೆ?” ಎಂದು ಕೆಲವರು ನಗಬಹುದು. ಆದರೆ ಜ್ವರವಿದೆಯೇ ಎಂದು ಮಗುವಿನ ಹಣೆ ಮುಟ್ಟಿ ನೋಡುವ ತಾಯಿಯೇ ಉಷ್ಣತಾಮಾಪಕವನ್ನೂ ಇಡುತ್ತಾಳಲ್ಲವೆ? ಅಜ್ಜಿಯ ಅನುಭವದ ಸಾರ ಬಣ್ಣವನ್ನು ನೋಡುವುದರಲ್ಲಿ ಇರಲಿಲ್ಲ. ಬಣ್ಣವನ್ನು ಸಂಶಯಿಸಿ, ಮುರಿದು, ಮುಟ್ಟಿ ಪರೀಕ್ಷಿಸುವುದರಲ್ಲಿತ್ತು. ವಿಜ್ಞಾನದ ವಿಧಾನವೂ ಅದೇ. ಅಂದು ಮಕ್ಕಳು ಇನ್ನೂ ಸ್ವಲ್ಪ ಹೊತ್ತು ತಟ್ಟೆ ಹಿಡಿದು ಕಾಯಬೇಕಾಯಿತು. ಯಾರ ಹೊಟ್ಟೆಯೂ ಕೆಡಲಿಲ್ಲ.